ಓ ಅಂದವಳ ಹೆಸರು

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಹೇಳುತ್ತೇನೆ, ಮಾಡಿ. ಎಲ್ಲರೂ ಒಮ್ಮೆ ಕತ್ತು ತಿರುಗಿಸಿ ಗದ್ದುಗೆಯ ಮುಂದಿನ ಕಲ್ಲುಕಂಬದ ಬುಡ ನೋಡಿ. ನೆರಳು ಯಾವ ಕಡೆಗಿದೆ? ದಕ್ಷಿಣಕ್ಕೆ. ಆಳೆತ್ತರದ ಕಂಬ, ಗೇಣುದ್ದದ ನೆರಳು. ವರ್ಷದ ಬಹುಪಾಲು ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಈ ಕೆಲವು ವಾರ ಮಾತ್ರ ದಕ್ಷಿಣಕ್ಕೆ ಬೀಳುತ್ತದೆ, ಅದರಲ್ಲೂ ಇವತ್ತು ಎಲ್ಲ ದಿನಕ್ಕಿಂತ ಉದ್ದವಾಗಿ. ದಕ್ಷಿಣ ಯಾರ ದಿಕ್ಕು? ಆಗಿಹೋದವರ ದಿಕ್ಕು. ದೊಡ್ಡ ಹಗಲಿನ ಹಬ್ಬ ಯಾವತ್ತು ಎಂದು ತಿಳಿಯಲು ನಮ್ಮ ಹಿರಿಯರಿಗೆ ಪಂಚಾಂಗ ಬೇಕಿರಲಿಲ್ಲ, ಈ ಕಂಬ ಸಾಕಾಗಿತ್ತು.

ಹಬ್ಬವನ್ನು ದೊಡ್ಡ ಹಗಲಿನಲ್ಲೇ ಯಾಕೆ ಇಟ್ಟರು? ಆಗಿಹೋದವರು ಬಹಳ ಜನ. ಗದ್ದುಗೆಯ ಶರಣರಿಂದ ಹಿಡಿದು ಪ್ರತಿ ಮನೆಯ ಹಿರಿಯರ ತನಕ ಹೆಸರು ಹಿಡಿದು ಕರೆಯಬೇಕು, ಹೊತ್ತು ಸಾಲಬೇಕಲ್ಲ, ಅದಕ್ಕೆ. ಬೆಳಗಿನಿಂದ ಮೇಲಿನ ಓಣಿಗಳ ಹೆಸರು ಮುಗಿದಿವೆ. ಉಳಿದವು ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಸೂರ್ಯ ಮುಳುಗಿದ ಮೇಲೆ ಯಾರೂ ಕರೆಯುವ ಹಾಗಿಲ್ಲ, ಬಿಟ್ಟುಹೋದ ಹೆಸರು ಮುಂದಿನ ವರ್ಷದವರೆಗೆ ಕಾಯಬೇಕು.

ಈ ವರ್ಷ ಸೊಸೆಯರಾಗಿ ಬಂದ ಹೆಣ್ಣುಮಕ್ಕಳಿಗಾಗಿ ಪದ್ಧತಿಯನ್ನು ಇನ್ನೊಮ್ಮೆ ಹೇಳುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಕರೆಯುವವರು ಅಂಗಳದ ಆ ಚಪ್ಪಡಿಕಲ್ಲಿನ ಮೇಲೆ ನಿಲ್ಲಬೇಕು. ಆಗಿಹೋದವರ ಹೆಸರು ಕೂಗಬೇಕು. ನೆರೆದವರೆಲ್ಲ ಅವರ ಪರವಾಗಿ ‘ಓ’ ಅನ್ನಬೇಕು. ಆಮೇಲೆ ಬೇವಿನ ಮರದ ಬುಡಕ್ಕೆ ನೀರು ಹಾಕಬೇಕು, ಆಗಿಹೋದವರು ಬಳಸಿದ ಪಾತ್ರೆ ಮನೆಯಲ್ಲಿದ್ದರೆ ಅದರಿಂದಲೇ. ಕೂಗುವಾಗ ಹೆಸರನ್ನೇ ಕೂಗಬೇಕು. ‘ಅವ್ವಾ’ ಎಂದು ಕೂಗಿದರೆ ಆ ಕಡೆ ಎಷ್ಟು ಅವ್ವಂದಿರು ತಿರುಗಿ ನೋಡಬೇಕು? ಕೂಗಿದವನ ಅವ್ವ ಯಾರೆಂದು ಅವರವರಲ್ಲೇ ಜಗಳವಾದೀತು.

ಯಾರೋ ಮಠದ ಹಿಂಬಾಗಿಲು ಹಾಕಲು ಎದ್ದಿರಿ. ಪಾತ್ರೆ ತಿಕ್ಕುವ ಸದ್ದು ಬರುತ್ತದೆ ಅಂತ ತಾನೆ? ಬೇಡ, ಕೂತುಕೊಳ್ಳಿ. ಬಾಗಿಲು ತೆರೆದೇ ಇರಲಿ. ಆ ಸದ್ದು ಇವತ್ತಿನ ಮಾತಿಗೆ ಬೇಕು.

ಈಗ ದೃಷ್ಟಾಂತ. ಒಂದೂರು ಅನ್ನಿ. ಇಲ್ಲಿಂದ ಬಹಳ ದೂರವೇನಲ್ಲ, ಅಲ್ಲಿಯೂ ನಮ್ಮ ಹಾಗೆಯೇ ಒಂದು ಗದ್ದುಗೆ, ಒಂದು ಬೇವಿನ ಮರ, ಇದೇ ಹಬ್ಬ. ಆ ಊರಿನಲ್ಲಿ ಉಳ್ಳವನೊಬ್ಬ ಇದ್ದ. ಅವನ ಹೆಸರು ಹೇಳುವುದಿಲ್ಲ. ಕಥೆ ಮುಗಿಯುವ ತನಕ ಹೆಸರಿಲ್ಲದೆ ಇರಲಿ, ಅದೇನು ದೊಡ್ಡ ಕಷ್ಟವಲ್ಲ. ಎಣ್ಣೆಯ ಗಾಣ, ಕಾಳಿನ ಅಂಗಡಿ, ಎರಡು ಅಂಕಣದ ಅಡುಗೆಮನೆ. ಕೆಟ್ಟವನೇ? ಅಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು, ನಿಮಗೆ ಕೇಳುವುದೂ ಸುಲಭವಾಗುತ್ತಿತ್ತು. ದಾಸೋಹಕ್ಕೆ ಎಣ್ಣೆ ಕೊಡುವವನು, ಯಾರ ಮೇಲೂ ಕೈ ಎತ್ತಿದವನಲ್ಲ.

ಅವನಿಗೊಂದು ಹೆಮ್ಮೆ ಇತ್ತು. ಏಳು ತಲೆಮಾರಿನ ಹೆಸರು ಅವನಿಗೆ ಬಾಯಿಪಾಠ. ನಿಮ್ಮಲ್ಲಿ ಎಷ್ಟು ಜನಕ್ಕೆ ಮುತ್ತಜ್ಜನ ಅಪ್ಪನ ಹೆಸರು ಗೊತ್ತು? ಕೈ ಎತ್ತಬೇಡಿ, ಸುಮ್ಮನೆ ಕೇಳಿದೆ. ಅವನಿಗೆ ಗೊತ್ತಿತ್ತು. ದೊಡ್ಡ ಹಗಲಿನ ಹಬ್ಬದಲ್ಲಿ ಕಲ್ಲಿನ ಮೇಲೆ ನಿಂತನೆಂದರೆ ಏಳನೆಯ ಅಜ್ಜನಿಂದ ಇಳಿದು ಬಂದು ಅಪ್ಪನ ತನಕ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದ. ಮನೆಯ ಪಾತ್ರೆಗಳ ಮೇಲೂ ಆ ಹೆಸರುಗಳೇ. ನಿಮ್ಮ ಮನೆಯಲ್ಲೂ ಇರುತ್ತವಲ್ಲ, ಕೊಡದ ಕಂಠದಲ್ಲಿ, ತಟ್ಟೆಯ ಅಂಚಿನಲ್ಲಿ, ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು. ಅವನ ಮನೆಯಲ್ಲಿ ಒಂದು ಸೌಟು ಕೂಡ ಹೆಸರಿಲ್ಲದೆ ಇರಲಿಲ್ಲ.

ಆ ಪಾತ್ರೆಗಳನ್ನು ತಿಕ್ಕಲು ಒಬ್ಬಾಕೆ ಬರುತ್ತಿದ್ದಳು. ಹದಿನೈದು ವರ್ಷ ಬಂದಳು. ದಿನಕ್ಕೆರಡು ಸಲ ಹಿತ್ತಲಿನಲ್ಲಿ ಕೂತು ಆ ಏಳು ತಲೆಮಾರಿನ ಹೆಸರುಗಳನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಿದ್ದಳು. ಅವಳನ್ನು ಮನೆಯವರು ಏನೆಂದು ಕರೆಯುತ್ತಿದ್ದರು? ‘ಏ ಇಕಿ’. ನೆರೆಯವರು ‘ಮುಸುರಿಯಾಕಿ’ ಅನ್ನುತ್ತಿದ್ದರು. ಅವಳಿಗೆ ಚಹಾ ಕೊಡುತ್ತಿದ್ದರು, ಅದರಲ್ಲಿ ಕೊರತೆ ಇಲ್ಲ. ಹಿತ್ತಲ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಅವಳದೇ ಒಂದು ಸ್ಟೀಲಿನ ಲೋಟ. ಅವಳು ಅದನ್ನು ತಂದು ಕೆಳಗಿಡಬೇಕು, ಮನೆಯವರು ಮೇಲಿನಿಂದ ಹೊಯ್ಯಬೇಕು, ಕುಡಿದ ಮೇಲೆ ಅವಳೇ ತೊಳೆದು ಅವಳೇ ಗೂಡಿಗಿಡಬೇಕು. ಮನೆಯವರು ಯಾರೂ ಆ ಲೋಟ ಮುಟ್ಟುತ್ತಿರಲಿಲ್ಲ.

ಈಗ ಕೆಲವರು ನೆಲ ನೋಡುತ್ತಿದ್ದೀರಿ. ಕೆಲವರು ಪಕ್ಕದವರ ಮುಖ ನೋಡುತ್ತಿದ್ದೀರಿ. ನೋಡಿ, ನೋಡಿ, ಇನ್ನೂ ಕಥೆ ಮುಂದಿದೆ.

ಉಳ್ಳವನ ತಾಯಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳು ಆರು ವರ್ಷ ಏಳಲಿಲ್ಲ. ಮೊದಲೊಂದು ತಿಂಗಳು ಸೊಸೆ ನೋಡಿಕೊಂಡಳು, ಆಮೇಲೆ ಅವಳಿಗೂ ಬೆನ್ನುನೋವು. ಹಿತ್ತಲಲ್ಲಿದ್ದವಳನ್ನು ಒಳಗೆ ಕರೆದರು. ಮುಸುರೆ ತಿಕ್ಕಿದ ಮೇಲೆ ಕೈ ತೊಳೆದುಕೊಂಡು ಬಂದು ಮುದುಕಿಯನ್ನು ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಹೇಸಿಗೆ ತೆಗೆಯುವುದು, ತಲೆ ಬಾಚುವುದು, ಗಂಜಿ ಕುಡಿಸುವುದು. ಎಲ್ಲ ಅವಳೇ. ಇಲ್ಲಿ ಒಂದು ಮಾತು ಕೇಳುತ್ತೇನೆ. ತಾಯಿಯ ಮೈಯನ್ನು ಮುಟ್ಟಬಹುದಾದ ಕೈ, ಅಡುಗೆಮನೆಯ ಲೋಟವನ್ನು ಯಾಕೆ ಮುಟ್ಟಬಾರದು? ಆ ಮನೆಯಲ್ಲಿ ಯಾರೂ ಇದನ್ನು ಕೇಳಿಕೊಳ್ಳಲಿಲ್ಲ.

ಮುದುಕಿಗೆ ನೆನಪು ಹಿಂದುಮುಂದಾಗಿತ್ತು. ಮಗನನ್ನು ಗಂಡ ಅಂದುಕೊಳ್ಳುವಳು, ಸೊಸೆಯನ್ನು ಅತ್ತೆ ಅಂದುಕೊಂಡು ಸೆರಗು ಹೊದೆಯಲು ತಡಕಾಡುವಳು. ಈ ಹೆಂಗಸನ್ನು ಮಾತ್ರ ದಿನಕ್ಕೆ ನೂರು ಸಲ ಒಂದೇ ಹೆಸರಿನಿಂದ ಕರೆಯುತ್ತಿದ್ದಳು.

“ನೀಲವ್ವಾ.”

“ಓ ಯಕ್ಕಾ.”

“ಎಲ್ಲಿದ್ದೀಯೇ ನೀಲವ್ವಾ?”

“ಓ ಯಕ್ಕಾ, ಬಂದ್ನಿ.”

ಕೈಯಲ್ಲಿ ಬೂದಿ ಇದ್ದರೂ, ಬಾಯಲ್ಲಿ ತುತ್ತು ಇದ್ದರೂ ‘ಓ’ ಅನ್ನುವಳು. ಮುದುಕಿ ಸುಮ್ಮನಾಗುವಳು. ಒಮ್ಮೆ ಸೊಸೆಯೇ ಹೇಳಿದಳಂತೆ, “ಪ್ರತಿ ಸಲ ಯಾಕ ಓ ಅಂತೀ? ಕರೆದು ಕರೆದು ಸಾಕಾಗಿ ಸುಮ್ಮನಾಗ್ತಾರ ಬಿಡು.” ಅದಕ್ಕೆ ಇವಳು, “ಕರೆದವರಿಗೆ ಓ ಅನ್ನಲಿಲ್ಲಂದ್ರ ಅವರು ಒಬ್ಬಂಟಿ ಆಗಿಬಿಡ್ತಾರ್ರಿ ಯವ್ವಾ” ಎಂದಳಂತೆ.

ಸಾಯುವ ಹಿಂದಿನ ದಿನ ಮುದುಕಿಗೆ ಬುದ್ಧಿ ತಿಳಿಯಾಯಿತು. ಮಗನ ಕೈ ಹಿಡಿದು ಹೇಳಿದಳು, “ದೊಡ್ಡ ಹಗಲಿನ ಹಬ್ಬದಾಗ ನನ್ನ ಹೆಸರು ಕರೀತೀ, ಅದು ನನಗ ಗೊತ್ತೈತಿ. ಇಕಿ ಹೋದ ಮ್ಯಾಲ ಇಕಿ ಹೆಸರೂ ಕರೀಬೇಕು. ನಮ್ಮ ಮನಿ ಹಿರೇರ ಜೋಡಿ ಕರೀಬೇಕು. ನಾ ಕರದಾಗೆಲ್ಲಾ ಓ ಅಂದಾಕಿ ಇಕಿ.”

“ಆಗಲಿ ಅವ್ವಾ,” ಎಂದ ಮಗ. ಆ ಹೆಂಗಸು ಕಾಲ ದೆಸೆಯಲ್ಲಿ ನಿಂತು ಕೇಳುತ್ತಿದ್ದಳು.

ಚಳಿಗಾಲದಲ್ಲಿ ಮುದುಕಿ ತೀರಿಕೊಂಡಳು. ಮೂರು ತಿಂಗಳಿಗೆ ಜ್ವರ ಬಂದು ಆ ಹೆಂಗಸೂ ತೀರಿಕೊಂಡಳು. ಉಳ್ಳವನಿಗೆ ಗೊತ್ತಾದದ್ದು ವಾರದ ಮೇಲೆ, ಹಿತ್ತಲಲ್ಲಿ ಬೇರೆ ಯಾರೋ ಕೂತು ಪಾತ್ರೆ ತಿಕ್ಕುವುದನ್ನು ನೋಡಿದಾಗ. ‘ಪಾಪ’ ಎಂದ. ಎಂದವನು ಅಂಗಡಿಗೆ ಹೋದ. ನಾವೆಲ್ಲ ಮಾಡುವುದೂ ಇಷ್ಟೇ ಅಲ್ಲವೇ? ‘ಪಾಪ’ ಅನ್ನಲು ಕಾಲಿಗೆ ಚಪ್ಪಲಿ ಹಾಕಬೇಕಾಗಿಲ್ಲ, ಅವಳ ಓಣಿಯ ತನಕ ನಡೆಯಬೇಕಾಗಿಲ್ಲ.

ದೊಡ್ಡ ಹಗಲಿನ ಹಬ್ಬ ಬಂತು. ಆ ವರ್ಷ ಆ ಊರಿನವರು ಹೊರಗಿನಿಂದ ಒಬ್ಬ ಸ್ವಾಮಿಯನ್ನು ಕರೆಸಿದ್ದರು. ಹೊಟ್ಟೆ ಸ್ವಲ್ಪ ಮುಂದಿರುವ, ಗಂಟಲು ಚೆನ್ನಾಗಿರುವ ಸ್ವಾಮಿ. ‘ಓ’ ಎಂದರೆ ಮರದ ಹಕ್ಕಿ ಹಾರಬೇಕು, ಅಂಥ ಗಂಟಲು. ಅವನು ಯಾರು ಎಂದು ನೀವು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ನಾನೇ. ಹೋದ ವರ್ಷದ ಮಾತು ಇದು. ಹಾಗಾಗಿ ಇದನ್ನು ದೃಷ್ಟಾಂತ ಅನ್ನುವುದೂ ಅರ್ಧ ಸುಳ್ಳು. ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ ಅನ್ನಿ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಉಳ್ಳವನು ಕಲ್ಲು ಹತ್ತಿದ. ಕೈಯಲ್ಲಿ ಮುತ್ತಜ್ಜನ ಹಿತ್ತಾಳೆ ಗಿಂಡಿ. ಏಳನೆಯ ಅಜ್ಜನಿಂದ ಶುರುಮಾಡಿ ಅಪ್ಪನ ತನಕ ಕರೆದ, ನಾವು ಓ ಅಂದೆವು. ತಾಯಿಯ ಹೆಸರು ಕರೆಯುವಾಗ ಅವನ ದನಿ ಒಡೆಯಿತು, ನಾವು ಇನ್ನೂ ಜೋರಾಗಿ ಓ ಅಂದೆವು. ಗಿಂಡಿ ಇಳಿಸಿ ಇನ್ನೇನು ಕೆಳಗಿಳಿಯಬೇಕು, ಆಗ ತಾಯಿಗೆ ಕೊಟ್ಟ ಮಾತು ನೆನಪಾಯಿತು. ಮತ್ತೆ ನೆಟ್ಟಗೆ ನಿಂತು ಕೂಗಿದ, “ನೀಲವ್ವಾ.”

“ಓ,” ಅಂದೆವು. ನಾನಂತೂ ಎಲ್ಲರಿಗಿಂತ ಜೋರಾಗಿ ಅಂದೆ. ಕೆಲಸದವಳ ಹೆಸರನ್ನು ಮನೆಯ ಹಿರಿಯರ ಸಾಲಿನಲ್ಲಿ ಕರೆದನಲ್ಲ ಎಂದು ನನಗೆ ಮೈ ಜುಮ್ಮೆಂದಿತ್ತು. ಸಂಜೆಯ ಪ್ರವಚನಕ್ಕೆ ಒಳ್ಳೆಯ ವಿಷಯ ಸಿಕ್ಕಿತು ಎಂದುಕೊಂಡೆ. ಇದನ್ನೂ ಮುಚ್ಚಿಡುವುದಿಲ್ಲ.

ಆಗ ದಾಸೋಹದ ಮನೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ನಲವತ್ತರ ಆಸುಪಾಸು. ಪಾತ್ರೆ ತಿಕ್ಕುತ್ತಿದ್ದವಳು, ಕೈ ಇನ್ನೂ ಒದ್ದೆ. ತೀರಿಕೊಂಡ ಆ ಹೆಂಗಸಿನ ಮಗಳು.

“ತಡೀರಿ ಧಣೇರ,” ಎಂದಳು. “ಅದು ನಮ್ಮವ್ವನ ಹೆಸರಲ್ಲ್ರಿ.”

ಉಳ್ಳವನಿಗೆ ಅರ್ಥವಾಗಲಿಲ್ಲ. “ನಮ್ಮವ್ವ ಹಂಗ ಕರೀತಿದ್ದಳಲ್ಲವಾ. ಆರು ವರ್ಷ ನಾನ ಕೇಳೀನಿ.”

“ನೀಲವ್ವ ಅಂದ್ರ ನಿಮ್ಮವ್ವಾರ ತಂಗಿರಿ. ಏಳು ವರ್ಷದಾಕಿ ಹೊಳಿಯಾಗ ಹೋದಾಕಿ. ನಿಮ್ಮವ್ವಾರು ಆಕಿನ್ನ ಕರೀತಿದ್ರು. ನಮ್ಮವ್ವ ಆಕಿ ಬದಲಿ ಓ ಅಂತಿದ್ದಳು.”

ನೋಡಿ, ಸ್ವಲ್ಪ ತಡೆಯಿರಿ, ಇದನ್ನು ಅವಸರದಲ್ಲಿ ಕೇಳಬೇಡಿ. ನಾವು ವರ್ಷಕ್ಕೊಂದು ದಿನ ಮಿಂದು, ಮಡಿ ಉಟ್ಟು, ಈ ಅಂಗಳದಲ್ಲಿ ಕೂತು ಸತ್ತವರ ಪರವಾಗಿ ಓ ಅನ್ನುತ್ತೇವೆ. ಅದಕ್ಕೆ ಹಬ್ಬ ಅನ್ನುತ್ತೇವೆ. ಅವಳು ಬೂದಿಗೈಯಲ್ಲಿ ಆರು ವರ್ಷ, ದಿನಕ್ಕೆ ನೂರು ಸಲ, ತನ್ನದಲ್ಲದ ಹೆಸರಿಗೆ, ಎಂದೋ ಹೊಳೆಯಲ್ಲಿ ಹೋದ ಒಂದು ಕೂಸಿನ ಪರವಾಗಿ ಓ ಅಂದಿದ್ದಳು. ಏಳು ತಲೆಮಾರು ಬಾಯಿಪಾಠ ಮಾಡಿದವನಿಗೆ ತನ್ನ ಸ್ವಂತ ಚಿಕ್ಕಮ್ಮನ ಹೆಸರು ಗೊತ್ತಿರಲಿಲ್ಲ. ಮುಸುರೆಯವಳಿಗೆ ಗೊತ್ತಿತ್ತು.

ಉಳ್ಳವನ ಮುಖ ಸಣ್ಣದಾಯಿತು. “ಹಂಗಾದ್ರ ಆಕಿ ಹೆಸರೇನವಾ? ಹೇಳು, ಕರೀತೀನಿ,” ಎಂದ.

“ನೀವ ಹೇಳ್ರಿ. ಹದಿನೈದು ವರ್ಷ ನಿಮ್ಮ ಮನ್ಯಾಗ ಇದ್ದಳು.”

ಆಗ ನಾನು ಬಾಯಿ ಹಾಕಿದೆ. ಸ್ವಾಮಿಗಳಿಗೆ ಸುಮ್ಮನಿರುವುದು ಕಷ್ಟ. ದನಿಯಲ್ಲಿ ಜೇನು ತುಂಬಿಕೊಂಡು ಹೇಳಿದೆ, “ಇರಲಿ ಬಿಡವಾ ತಂಗಿ. ಯಾರ ಹೆಸರು ಏನಂತ ದೇವರಿಗೆ ಗೊತ್ತಿರತೈತಿ. ನಾವು ಓ ಅಂದದ್ದು ಆಕಿಗೆ ಮುಟ್ಟತೈತಿ.”

ಆ ಹೆಣ್ಣುಮಗಳು ನನ್ನ ಕಡೆ ತಿರುಗಿದಳು. ಸಿಟ್ಟು ಮಾಡಲಿಲ್ಲ. “ದೇವರಿಗೆ ಗೊತ್ತೈತ್ರಿ ಅಜ್ಜಾರ,” ಎಂದಳು. “ನಿಮಗ ಗೊತ್ತೈತೇನ್ರಿ?”

ನನಗೆ ಗೊತ್ತಿರಲಿಲ್ಲ. ಅದಕ್ಕೂ ಹಿಂದೆ ನಾಲ್ಕು ಸಲ ಆ ಮನೆಗೆ ಪಾದಪೂಜೆಗೆ ಹೋಗಿದ್ದೆ. ನಾನು ಉಂಡ ಬೆಳ್ಳಿಯ ತಟ್ಟೆಯನ್ನು ತಿಕ್ಕಿದವಳು ಅವಳು, ನನ್ನ ಕೆಸರು ಮೆತ್ತಿದ ಪಾದುಕೆಯನ್ನು ತೊಳೆದು ಬಾಗಿಲಲ್ಲಿ ಜೋಡಿಸಿಟ್ಟವಳು ಅವಳು. ನಾನು ಆಶೀರ್ವಾದ ಮಾಡುವಾಗ ಮನೆಯವರನ್ನೆಲ್ಲ ಹೆಸರು ಕೇಳಿ ಕೇಳಿ ಮಾಡಿದ್ದೆ. ಆಡಲು ಬಂದ ಪಕ್ಕದ ಮನೆಯ ಮಗುವನ್ನೂ ಕೇಳಿದ್ದೆ. ಹಿತ್ತಲ ಬಾಗಿಲಿನಲ್ಲಿ ಸೆರಗು ಬಾಯಿಗೆ ಹಿಡಿದು ನಿಂತವಳನ್ನು ಕೇಳಿರಲಿಲ್ಲ. ತಾಯಂದಿರೇ, ಅಪ್ಪಗಳಿರಾ, ಆ ದಿನ ಆ ಪೀಠದ ಮೇಲೆ ಕೂತಿದ್ದವನಿಗೆ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ. ಹೋಗಬಾರದು ಕೂಡ.

ಉಳ್ಳವನು ಅಂಗಲಾಚಿದ. “ನೀನ ಹೇಳಿಬಿಡವಾ, ಹೊತ್ತು ಹೋಗತೈತಿ.”

“ನಮ್ಮ ಓಣಿ ಸರದಿ ಬಂದಾಗ ನಾ ಕರೀತೀನ್ರಿ. ಅದು ನನ್ನ ಕರೆ. ನಿಮ್ಮವ್ವಾರು ಕರೀ ಅಂದದ್ದು ನಿಮಗ. ನಮ್ಮವ್ವ ಸಾಯೋತನಾ ಅದನ್ನ ಹೇಳಿ ಹಿಗ್ಗಿದಳ್ರಿ. ದೊಡ್ಡ ಮನಿಯವರು ನನ್ನ ಹೆಸರು ಕರೀತಾರ ಅಂತ. ನಾನು ಹೇಳಿಕೊಟ್ಟು ನೀವು ಅಂದ್ರ, ಅದು ಕರದಂಗ ಆಗಲಿಲ್ಲ.” ಇಷ್ಟು ಹೇಳಿ ಅವಳು ಮರದ ಬುಡದಲ್ಲಿ ಕೂತಳು. ಪಾತ್ರೆಗಳ ಕಡೆಗೆ ಹೋಗಲಿಲ್ಲ.

ಉಳ್ಳವನು ಮನೆಗೆ ಓಡಿದ. ಮೂರು ತಾಸು ಹೊತ್ತು ಉಳಿದಿತ್ತು. ಹೆಂಡತಿಯನ್ನು ಕೇಳಿದ. ಅವಳು ಯೋಚಿಸಿ ಯೋಚಿಸಿ, “ಆಕಿ ಹೆಸರಾ? ನಾವು ‘ಏ ಇಕಿ’ ಅಂತಿದ್ವಿ. ಹೆಸರು ಹಿಡಿದು ಕರಿಯೋ ಪ್ರಸಂಗನ ಬರಲಿಲ್ಲ ನೋಡ್ರಿ,” ಎಂದಳು. ಎಡಗಡೆಯ ಮನೆಯವರನ್ನು ಕೇಳಿದ. ಅವಳಿಗೆ ಬಲ ಮೊಣಕಾಲು ನೋಯುತ್ತಿತ್ತು, ಹಳೆಯ ಸೀರೆಯ ಅಂಚು ಹರಿದು ಕಟ್ಟಿಕೊಳ್ಳುತ್ತಿದ್ದಳು, ಅದು ಅವರಿಗೆ ಗೊತ್ತಿತ್ತು. ಬಲಗಡೆಯ ಮನೆಯವರನ್ನು ಕೇಳಿದ. ಅವಳು ಸೋಮವಾರ ಉಪ್ಪು ತಿನ್ನುತ್ತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ತಾಯಿಗೆ ಸೂಜಿ ಹಾಕಲು ಬರುತ್ತಿದ್ದ ಡಾಕ್ಟರನ್ನು ಕೇಳಿದ. ಬೆನ್ನು ಹುಣ್ಣಾಗದ ಹಾಗೆ ಆರು ವರ್ಷ ರೋಗಿಯನ್ನು ನೋಡಿಕೊಂಡವರನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದು ಅವರು ಹೊಗಳಿದರು. ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅವಳ ಓಣಿಗೆ ಹೋಗಬಹುದಿತ್ತಲ್ಲ ಅನ್ನುತ್ತೀರಾ? ಹೋದ. ಓಣಿಗೆ ಓಣಿಯೇ ಹಬ್ಬಕ್ಕೆ ಹೋಗಿತ್ತು, ಬಾಗಿಲುಗಳೆಲ್ಲ ಎಳೆದುಕೊಂಡಿದ್ದವು. ಅಂಗಳದಲ್ಲಿ ಮಗಳು ಕೂತಿರುವಾಗ ಅವರು ಯಾರೂ ಬಾಯಿ ಬಿಡುವವರಲ್ಲ. ಹದಿನೈದು ವರ್ಷದಲ್ಲಿ ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಅವಳ ಮನೆ ಯಾವುದು ಎಂದೂ ಅವನಿಗೆ ಗೊತ್ತಿರಲಿಲ್ಲ.

ತಿರುಗಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತ. ಸುತ್ತ ಬೆಳಗಿಟ್ಟ ಪಾತ್ರೆಗಳು, ಎಲ್ಲದರ ಮೇಲೂ ಹೆಸರು. ಅಜ್ಜನ ಹೆಸರು, ಅಪ್ಪನ ಹೆಸರು, ತನ್ನದೇ ಹೆಸರು. ಎಲ್ಲ ಹೆಸರುಗಳ ನಡುವೆ ಕೂತು ಅವನು ಒಂದು ಹೆಸರಿಗಾಗಿ ಅತ್ತ. ಹೊತ್ತು ವಾಲಿತ್ತು, ಬಿಸಿಲು ಗೋಡೆಯ ಮೇಲೆ ಅಡ್ಡ ಬಿದ್ದಿತ್ತು. ಆಗ ಕಂಡಿತು ಗೂಡು. ಗೂಡಿನಲ್ಲಿ ಲೋಟ. ಅವಳು ಕೊನೆಯ ಸಲ ತೊಳೆದು ಬೋರಲಿಟ್ಟದ್ದು, ಹಾಗೇ ಇತ್ತು. ಧೂಳು ಕೂತಿತ್ತು, ಜೇಡ ಬಲೆ ಕಟ್ಟಿತ್ತು. ಹೊಸದಾಗಿ ಬಂದವಳು ತನ್ನ ಲೋಟ ತಂದು ಪಕ್ಕದಲ್ಲಿಟ್ಟುಕೊಂಡಿದ್ದಳು.

ಅವನು ಕೈ ಚಾಚಿದ. ಚಾಚಿದ ಕೈ ಗೇಣು ದೂರದಲ್ಲಿ ನಿಂತಿತು. ಇದನ್ನು ಅವನೇ ಆಮೇಲೆ ನನಗೆ ಹೇಳಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದು. “ಅಜ್ಜಾರ, ಅವ್ವನ ಹೊಲಸು ತೆಗೆದ ಕೈ ಕುಡಿದ ಲೋಟ ಅದು. ಅದನ್ನ ಹಿಡಿಯಾಕ ನನ್ನ ಕೈ ಅಂಜಿತ್ರಿ.” ಆ ಗೇಣು ದೂರ ಇದೆಯಲ್ಲ, ಅಷ್ಟರಲ್ಲೇ ಇದೆ ನಮ್ಮ ನಿಮ್ಮ ನಾಚಿಕೆಯೆಲ್ಲ. ನಾವು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಕೊನೆಗೆ ಹಿಡಿದ. ಧೋತರದ ಚುಂಗಿನಿಂದ ಧೂಳು ಒರೆಸಿದ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕಂಡವು. ಸವೆದಿದ್ದವು, ಆದರೂ ಓದಲು ಬರುತ್ತಿದ್ದವು. ‘ಚಿ. ಸೌ. ಹುಲಿಗೆವ್ವ ಇವಳಿಗೆ ಸೋದರಮಾವನ ಉಡುಗೊರೆ.’

ಹುಲಿಗೆವ್ವ. ಈ ಕಥೆಯಲ್ಲಿ ಉಳ್ಳವನಿಗೆ ಹೆಸರಿಲ್ಲ, ಅವನ ಹೆಂಡತಿಗಿಲ್ಲ, ಸ್ವಾಮಿಗಿಲ್ಲ. ನೀರಿನಲ್ಲಿ ಹೋದ ಆ ಕೂಸನ್ನು ಬಿಟ್ಟರೆ ಹೆಸರು ಇರುವುದು ಅವಳೊಬ್ಬಳಿಗೇ, ಅದನ್ನು ನಾನು ಬೇಕೆಂದೇ ಹಾಗೆ ಇಟ್ಟೆ. ಹದಿನೈದು ವರ್ಷ ಆ ಹೆಸರು ಅವನ ಮನೆಯ ಗೋಡೆಯಲ್ಲೇ ಇತ್ತು. ಆ ಹೆಸರಿದ್ದ ಲೋಟಕ್ಕೇ ದಿನಾ ಚಹಾ ಹೊಯ್ಯುತ್ತಿದ್ದರು. ಒಂದೇ ಒಂದು ದಿನ, ಒಬ್ಬರೇ ಒಬ್ಬರು ಆ ಲೋಟವನ್ನು ಕೈಯಲ್ಲಿ ಹಿಡಿದಿದ್ದರೆ ಓದಬಹುದಿತ್ತು. ಮುಟ್ಟಲಿಲ್ಲ, ಹಾಗಾಗಿ ಓದಲಿಲ್ಲ. ಒಂದು ಕಾಲದಲ್ಲಿ ಯಾರೋ ಅವಳನ್ನೂ ಚಿರಂಜೀವಿ ಸೌಭಾಗ್ಯವತಿ ಎಂದು ಕರೆದಿದ್ದರು ಎಂಬುದೂ ನಮಗೆ ಗೊತ್ತಾಗುತ್ತಿತ್ತು.

ಅವನು ಲೋಟ ಹಿಡಿದು ಓಡಿಬಂದಾಗ ಸೂರ್ಯ ಗುಡ್ಡದ ಮೇಲೆ ಎರಡಾಳು ಎತ್ತರದಲ್ಲಿದ್ದ. ಅರ್ಧ ಜನ ಎದ್ದುಹೋಗಿದ್ದರು. ಮಗಳು ಮರದ ಬುಡದಲ್ಲಿ ಕೂತೇ ಇದ್ದಳು. ಅವನು ಕಲ್ಲು ಹತ್ತಿ, ಗಿಂಡಿಯ ನೀರನ್ನು ಆ ಲೋಟಕ್ಕೆ ಬಗ್ಗಿಸಿಕೊಂಡ. ನೆಟ್ಟಗೆ ನಿಂತು ಕೂಗಿದ.

“ಹುಲಿಗೆವ್ವಾ.”

“ಓ,” ಎಂದಳು ಮಗಳು. ಅವಳೊಬ್ಬಳೇ. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು ತಡವರಿಸಿ ಅಂದರು. ನಾನು ಅನ್ನಲಿಲ್ಲ. ಅನ್ನಬಾರದು ಎಂದಲ್ಲ, ಬಾಯಿ ಬರಲಿಲ್ಲ. ನೀಲವ್ವ ಎಂದಾಗ ಅಷ್ಟು ಜೋರಾಗಿ ಕೂಗಿದ ಗಂಟಲು ಹುಲಿಗೆವ್ವ ಎಂದಾಗ ಕಟ್ಟಿಕೊಂಡಿತು. ಆ ಓ ಇನ್ನೂ ನನ್ನೊಳಗೇ ಉಳಿದಿದೆ.

ನೀರು ಹಾಕಿ ಇಳಿದವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಡಲು ಹೋದ. “ನಿಮ್ಮವ್ವನ ಲೋಟ, ತಗೋ ತಾಯಿ.” ಅವಳು ತೆಗೆದುಕೊಳ್ಳಲಿಲ್ಲ. “ನಿಮ್ಮ ಮನ್ಯಾಗ ಇರಲ್ರಿ,” ಎಂದಳು. “ಆದ್ರ ಒಳಗ ಇಡ್ರಿ.”

ದೃಷ್ಟಾಂತ ಇಲ್ಲಿಗೆ ಮುಗಿಯಿತು. ಈಗ ನಿಮ್ಮ ಸರದಿ, ಅದಕ್ಕೂ ಮೊದಲು ನನ್ನದು.

ಅಲ್ಲಿಂದ ಬಂದ ಮರುದಿನ ನಾನು ಈ ಮಠದ ಹಿಂದಿನ ಗೋಡೆ ನೋಡಿದೆ. ಇಲ್ಲೂ ಗೂಡು ಇದೆ. ಅದರಲ್ಲಿ ಮೂರು ಲೋಟ. ಎಲ್ಲರೂ ಒಂದೇ ಎಂದು ನಾನು ಇದೇ ಪೀಠದಿಂದ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ? ಅಷ್ಟು ವರ್ಷದಿಂದಲೂ ನನ್ನ ಬೆನ್ನ ಹಿಂದೆ ಮೂರು ಲೋಟ ಇದ್ದವು. ನೋಡಿದ ದಿನವೇ ತೆಗೆದೆನೇ? ಇಲ್ಲ. ನಾಳೆ ಅಂದೆ, ಹಿರಿಯರನ್ನು ಕೇಳಿ ಅಂದೆ, ಶ್ರಾವಣ ಮುಗಿಯಲಿ ಅಂದೆ. ತೆಗೆದದ್ದು ಇವತ್ತು ಬೆಳಿಗ್ಗೆ. ಒಂದು ವರ್ಷ ಬೇಕಾಯಿತು. ಅದೂ ಭಕ್ತಿಯಿಂದಲ್ಲ, ಮಧ್ಯಾಹ್ನ ನಿಮ್ಮ ಮುಂದೆ ಕೂತು ಈ ಕಥೆ ಹೇಳಬೇಕಲ್ಲ ಎಂಬ ಅಂಜಿಕೆಯಿಂದ.

ಲೋಟ ಒಳಗೆ ತಂದು, ಈಗ ಹಿಂದೆ ಪಾತ್ರೆ ತಿಕ್ಕುತ್ತಿದ್ದಾಳಲ್ಲ, ಆ ತಾಯಿಯನ್ನು ಕೇಳಿದೆ, “ನಿನ್ನ ಹೆಸರೇನವಾ?” ಅವಳ ಮುಖ ಬೆಳ್ಳಗಾಯಿತು. “ನನ್ನ ಹೆಸರ್ಯಾಕ್ರಿ ಅಜ್ಜಾರ? ನನ್ನಿಂದ ಏನರ ತಪ್ಪಾತೇನ್ರಿ?” ಎಂದಳು. ತಿಳಿಯಿತೇ? ಒಂಬತ್ತು ವರ್ಷ ಅನ್ನದ ಪಾತ್ರೆ ತಿಕ್ಕಿದವಳಿಗೆ, ತನ್ನ ಹೆಸರು ಕೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಬೇರೆ ಕಾರಣಕ್ಕೆ ಯಾರೂ ಅವಳ ಹೆಸರು ಕೇಳಿಯೇ ಇಲ್ಲ. ಆ ಸದ್ದು ಕೇಳಿಸುತ್ತಿದೆಯಲ್ಲ? ಅವಳೇ. ಹೆಸರು ನಾನು ಹೇಳುವುದಿಲ್ಲ, ಹೋಗಿ ಕೇಳಿ.

ಕೇಳುವುದು ಹೇಗೆ ಎಂಬುದನ್ನೂ ಹೇಳಬೇಕು, ನಮಗೆ ಅದೂ ಬರುವುದಿಲ್ಲ. ನಿಂತು ಕೇಳಬೇಡಿ, ಅವಳು ಕೂತಲ್ಲಿ ಕೂತು ಕೇಳಿ. ಮೊದಲು ನಿಮ್ಮ ಹೆಸರು ಹೇಳಿ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಿ, ಇಲ್ಲವಾದರೆ ಅವಳು ಅಂಜುತ್ತಾಳೆ. ‘ಇಷ್ಟು ದಿನ ಕೇಳಲಿಲ್ಲ, ತಪ್ಪಾಯಿತು’ ಅನ್ನಿ. ಅದನ್ನು ಅನ್ನುವಾಗ ನಾಲಿಗೆ ತೊಡರುತ್ತದೆ, ತೊಡರಲಿ. ನಾಳೆಯಿಂದ ಆ ಹೆಸರಿಗೆ ಒಂದು ಅಕ್ಕನನ್ನೋ ಅವ್ವನನ್ನೋ ಸೇರಿಸಿ ಕರೆಯಿರಿ. ಕಸ ಒಯ್ಯುವವನು, ಕ್ಷೌರ ಮಾಡುವವನು, ನಿಮ್ಮ ಅಂಗಡಿಯಲ್ಲಿ ಚೀಲ ಹೊರುವವನು, ಅವರೆಲ್ಲರಿಗೂ ಅವರ ಅವ್ವ ತೊಟ್ಟಿಲಲ್ಲಿ ಒಂದು ಹೆಸರಿಟ್ಟಿದ್ದಾಳೆ. ಸತ್ತ ಮೇಲೆ ಕರೆಯಲು ಕಲ್ಲು ಹತ್ತಬೇಕು, ಇದ್ದಾಗ ಕರೆಯಲು ಹಿತ್ತಲ ಬಾಗಿಲ ತನಕ ಹೋದರೆ ಸಾಕು. ಹಾಗೆ ಹೋದಾಗ ಗೂಡಿಗೆ ಕೈ ಹಾಕಿ. ಕೈ ಗೇಣು ದೂರದಲ್ಲಿ ನಿಲ್ಲುತ್ತದೆ, ನನ್ನದೂ ನಿಂತಿತ್ತು. ಆದರೂ ಹಿಡಿದುಕೊಳ್ಳಿ, ಒಳಗೆ ತನ್ನಿ, ನಿಮ್ಮ ಲೋಟಗಳ ಸಾಲಿನಲ್ಲಿಡಿ. ಆ ಲೋಟದಲ್ಲಿ ಮೊದಲು ನೀವು ನೀರು ಕುಡಿಯಿರಿ.

ಇವತ್ತು ಸಂಜೆ ಕೊನೆಯ ಹೆಸರು ನಾನು ಕರೆಯುತ್ತೇನೆ. ಹುಲಿಗೆವ್ವನ ಹೆಸರು. ನನ್ನೊಳಗೆ ಉಳಿದ ಓ ಕೂಡ ಆಗಲೇ. ಅಷ್ಟರೊಳಗೆ ಮನೆಗೆ ಹೋಗಿ ಈ ಕೆಲಸ ಮಾಡಿ ಬಂದವರು ಮಾತ್ರ ನನ್ನ ಜೊತೆ ಓ ಅನ್ನಿ. ಮಾಡದವರು ಬಂದು ಕೂರಬಹುದು, ಬಾಯಿ ಮಾತ್ರ ತೆರೆಯಬೇಡಿ. ಅಂಗಳ ಅಷ್ಟೂ ಸುಮ್ಮನಿದ್ದರೆ ಇರಲಿ, ಆ ಸುಮ್ಮನಿರುವುದನ್ನು ಎಲ್ಲರೂ ಕೂತು ಕೇಳೋಣ.

ಹೊತ್ತಿಲ್ಲ ಅನ್ನಬೇಡಿ. ಇವತ್ತು ದೊಡ್ಡ ಹಗಲು, ಇನ್ನೂ ಆರು ತಾಸು ಬಿಸಿಲಿದೆ. ಪ್ರಸಾದಕ್ಕೆ ಮೊದಲು ಮನೆಗೆ ಹೋಗಿ ಬನ್ನಿ. ಏಳಿ.